ಕರೆಗಂಟೆಯಿಂದ ಕರೆಮಾತಿಗೆ

(ಉಪನ್ಯಾಸದ ಬರಹರೂಪ)



ಆಸ್ಪತ್ರೆಯ ವಾರ್ಡಿನಲ್ಲಿ ಒಂದು ರಾತ್ರಿ ಕಳೆದವರಿಗೆ ದಾದಿಯ ಹೆಜ್ಜೆಯ ಸಪ್ಪಳ ಚೆನ್ನಾಗಿ ಗೊತ್ತಿರುತ್ತದೆ. ಒಂದು ಹಾಸಿಗೆಯಲ್ಲಿ ನೀರು ಬೇಕು, ಇನ್ನೊಂದರಲ್ಲಿ ಮಾತ್ರೆಯ ಹೊತ್ತಾಗಿದೆ, ಮೂರನೆಯದರಲ್ಲಿ ಸಲೈನ್ ಮುಗಿಯುತ್ತ ಬಂದಿದೆ. ಅಷ್ಟರಲ್ಲಿ ಎಲ್ಲಿಂದಲೋ ಮತ್ತೊಂದು ಕರೆ. ದಾದಿಯ ಕೆಲಸವೆಂದರೆ ಆರೈಕೆ ಎನ್ನುವುದು ರೂಢಿ. ಆದರೆ ಲೆಕ್ಕ ಹಾಕಿ ನೋಡಿದರೆ ಅದರಲ್ಲಿ ನಡಿಗೆ ಮತ್ತು ಬರವಣಿಗೆಯ ಪಾಲು ಬಹಳ ದೊಡ್ಡದು. ಮಾತು ಕೇಳಿ ಕೆಲಸ ಮಾಡುವ ಯಂತ್ರಗಳು ಈ ಎರಡನ್ನೂ ಹಗುರ ಮಾಡುತ್ತವೆ ಎಂಬ ಭರವಸೆಯೊಂದಿಗೆ ಅಮೆರಿಕದ ಆಸ್ಪತ್ರೆಗಳನ್ನು ಹೊಕ್ಕಿವೆ. ಆ ಭರವಸೆಯನ್ನು ತೂಗಿ ನೋಡಲು ಸುಮಾರು 170 ವರ್ಷ ಹಿಂದಕ್ಕೆ ಹೋಗುವುದು ಒಳ್ಳೆಯದು. ಏಕೆಂದರೆ ಪ್ರಶ್ನೆ ಹುಟ್ಟಿದ್ದು ಅಲ್ಲಿ.

1853ನೆಯ ಇಸವಿ. ಲಂಡನ್ನಿನ ಹಾರ್ಲಿ ಸ್ಟ್ರೀಟಿನಲ್ಲಿ, ಕಾಯಿಲೆ ಬಿದ್ದ ಮರ್ಯಾದಸ್ಥ ಮನೆತನದ ಮಹಿಳೆಯರಿಗಾಗಿ ಇದ್ದ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆಯನ್ನು ಫ್ಲಾರೆನ್ಸ್ ನೈಟಿಂಗೇಲ್ ವಹಿಸಿಕೊಂಡರು. ಆಗ ಅವರಿಗೆ 33 ವರ್ಷ. ಕ್ರಿಮಿಯಾ ಯುದ್ಧದ ಗಾಯಾಳುಗಳ ಬಳಿಗೆ ಹೋಗಲು ಇನ್ನೂ ಒಂದು ವರ್ಷವಿತ್ತು. ಆಸ್ಪತ್ರೆಯ ಆಡಳಿತ ಸಮಿತಿಯಲ್ಲಿ ಲೇಡಿ ಕ್ಯಾನಿಂಗ್ ಇದ್ದರು. ಮುಂದೆ ಭಾರತದ ಮೊದಲ ವೈಸರಾಯ್ ಆದ ಲಾರ್ಡ್ ಕ್ಯಾನಿಂಗರ ಪತ್ನಿ ಇವರೇ. ಅವರಿಗೆ ಬರೆದ ಪತ್ರದಲ್ಲಿ ನೈಟಿಂಗೇಲ್ ಕೇಳಿದ ವಸ್ತುಗಳು ಕುತೂಹಲಕರವಾಗಿವೆ: ಪ್ರತಿ ಮಹಡಿಗೂ ಕೊಳಾಯಿಯಲ್ಲಿ ಬಿಸಿನೀರು, ಅಡುಗೆಮನೆಯಿಂದ ಊಟವನ್ನು ಮೇಲಕ್ಕೆ ಎತ್ತುವ ರಾಟೆಯ ವ್ಯವಸ್ಥೆ, ಮತ್ತು ಕರೆಗಂಟೆ. ಗಂಟೆ ದಾದಿಯ ಕೋಣೆಯ ಹೊರಗೇ ಬಾರಿಸಬೇಕು. ಬಾರಿಸಿದೊಡನೆ ಅದರ ಮುಚ್ಚಳ ತೆರೆದುಕೊಂಡು ಹಾಗೆಯೇ ನಿಲ್ಲಬೇಕು. ಹಾಗಿದ್ದರೆ ಕರೆದವರು ಯಾರೆಂಬುದು ದಾದಿಗೆ ನೋಡಿದೊಡನೆ ತಿಳಿಯುತ್ತದೆ. ಇಂಥ ಅನುಕೂಲಗಳಿಲ್ಲದಿದ್ದರೆ ದಾದಿ ಮೆಟ್ಟಿಲು ಹತ್ತಿ ಇಳಿಯುವ ಎರಡು ಕಾಲುಗಳಷ್ಟೇ ಆಗಿ ಉಳಿಯುತ್ತಾಳೆ ಎಂಬುದು ಅವರ ವಾದವಾಗಿತ್ತು.

ಯಂತ್ರವನ್ನು ಅವರು ಬಯಸಿದ್ದು ದಾದಿಯರ ಸಂಖ್ಯೆಯನ್ನು ಇಳಿಸುವುದಕ್ಕಲ್ಲ, ಇದ್ದ ದಾದಿಯನ್ನು ರೋಗಿಯ ಪಕ್ಕದಲ್ಲಿ ನಿಲ್ಲಿಸುವುದಕ್ಕೆ. ಈ ಮಾತನ್ನು ಕೊನೆಯವರೆಗೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಮುಂದೆ ವಿದ್ಯುತ್ ಬಂತು. ಹಾಸಿಗೆಯ ಪಕ್ಕಕ್ಕೆ ಗುಂಡಿ ಬಂತು, ಕೋಣೆಯ ಬಾಗಿಲ ಮೇಲೆ ದೀಪ ಬಂತು. ಆದರೆ ಗಂಟೆಯ ಒಂದು ಕೊರತೆ ಹಾಗೆಯೇ ಉಳಿಯಿತು. ಅದಕ್ಕೆ ‘ಬನ್ನಿ’ ಎನ್ನುವುದಷ್ಟೇ ಗೊತ್ತು. ಏಕೆ ಎಂದು ಹೇಳಲು ಬಾರದು. ಹೊದಿಕೆ ಬೇಕಾದವರೂ ಅದೇ ಗುಂಡಿ ಒತ್ತುತ್ತಾರೆ, ಉಸಿರು ಕಟ್ಟಿದವರೂ ಅದನ್ನೇ ಒತ್ತುತ್ತಾರೆ. ಹೀಗಾಗಿ ದಾದಿ ಏನು ಬೇಕೆಂದು ಕೇಳಲು ಒಮ್ಮೆ ಹೋಗಬೇಕು, ಅದನ್ನು ತರಲು ಇನ್ನೊಮ್ಮೆ ಹೋಗಬೇಕು, ಕೊಡಲು ಮತ್ತೆ ಬರಬೇಕು. ಕರೆ ಒಂದು, ನಡಿಗೆ ಮೂರು.

ಈ ನಡಿಗೆಯ ಅಳತೆಯೂ ಆಗಿದೆ. ಅಮೆರಿಕದ 36 ಆಸ್ಪತ್ರೆಗಳ ದಾದಿಯರನ್ನು ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹತ್ತು ಗಂಟೆಗಳ ಹಗಲು ಪಾಳಿಯಲ್ಲಿ ದಾದಿ ಒಂದರಿಂದ ಐದು ಮೈಲಿ ನಡೆಯುತ್ತಾಳೆ. ಕೆಲಸದ ವೇಳೆಯಲ್ಲಿ ಶೇಕಡಾ 35ರಷ್ಟು ದಾಖಲೆ ಬರೆಯುವುದಕ್ಕೆ ಹೋಗುತ್ತದೆ. ರೋಗಿಯ ನೇರ ಆರೈಕೆಗೆ ಸಿಗುವುದು ಶೇಕಡಾ 19 ಮಾತ್ರ.

ಯಂತ್ರಕ್ಕೆ ಮಾತು ಕೇಳಿಸಿಕೊಳ್ಳುವುದನ್ನು ಕಲಿಸುವ ಪ್ರಯತ್ನ ಇಲ್ಲಿ ನೆರವಿಗೆ ಬರುತ್ತದೆ. ಅದೇನೂ ಇಂದು ನಿನ್ನೆಯದಲ್ಲ. 1952ರಲ್ಲಿ ಬೆಲ್ ಪ್ರಯೋಗಾಲಯದವರು ರೂಪಿಸಿದ ‘ಆಡ್ರಿ’ ಎಂಬ ಯಂತ್ರ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಗುರುತಿಸುತ್ತಿತ್ತು. 1962ರಲ್ಲಿ ಐ.ಬಿ.ಎಂ. ಪ್ರದರ್ಶಿಸಿದ ‘ಶೂಬಾಕ್ಸ್’ಗೆ ತಿಳಿದಿದ್ದುದು 16 ಪದಗಳು. ಮನೆಮನೆಯಲ್ಲಿ ಮೇಜಿನ ಮೇಲೆ ಕೂತು ‘ಅಲೆಕ್ಸಾ’ ಎಂದು ಕರೆದರೆ ಓಗೊಡುವ ಪೆಟ್ಟಿಗೆ 2014ರಲ್ಲಿ ಬಂತು.

ಆಸ್ಪತ್ರೆಗೆ ಮೊದಲು ಬಂದದ್ದು ಕೊರಳಿಗೆ ತೂಗುವ ಬಿಲ್ಲೆ. 2000ದಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ ವೊಸೆರಾ ಎಂಬ ಕಂಪನಿಯ ಈ ಸಾಧನವು ಆಸ್ಪತ್ರೆಯ ನಿಸ್ತಂತು ಜಾಲದ ಮೂಲಕ ಕೆಲಸ ಮಾಡುತ್ತದೆ. ಗುಂಡಿ ಒತ್ತಿ, ಬೇಕಾದವರ ಹೆಸರನ್ನೋ ಹುದ್ದೆಯನ್ನೋ ಹೇಳಿದರೆ ಸಾಕು, ಸಂಪರ್ಕವಾಗುತ್ತದೆ. ಗಾಯಕ್ಕೆ ಪಟ್ಟಿ ಕಟ್ಟುತ್ತಿರುವ ದಾದಿ ಫೋನ್ ಇರುವಲ್ಲಿಗೆ ಓಡಬೇಕಾಗಿಲ್ಲ. ಆಕೆಗೆ ಆ ಹೊತ್ತಿನಲ್ಲಿ ಬಿಡುವಾಗಿರುವುದು ಬಾಯಿ ಒಂದೇ. ಯಂತ್ರ ಅದನ್ನೇ ಬಳಸಿಕೊಂಡಿತು.

ಎರಡನೆಯ ಹೆಜ್ಜೆ ರೋಗಿಯ ಹಾಸಿಗೆಯ ಬಳಿಯೇ ಬಿತ್ತು. ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಆಸ್ಪತ್ರೆ 2019ರಲ್ಲಿ ನೂರಕ್ಕೂ ಹೆಚ್ಚು ಕೋಣೆಗಳಲ್ಲಿ ಅಲೆಕ್ಸಾ ಪೆಟ್ಟಿಗೆಗಳನ್ನು ಪ್ರಯೋಗಕ್ಕಾಗಿ ಇರಿಸಿತು. ರೋಗಿ ತನಗೆ ಬೇಕಾದುದನ್ನು ಬಾಯಲ್ಲಿ ಹೇಳುತ್ತಾರೆ. ‘ಐವಾ’ ಎಂಬ ವ್ಯವಸ್ಥೆ ಆ ಕೋರಿಕೆಯನ್ನು ತಕ್ಕವರ ಫೋನಿಗೆ ಕಳುಹಿಸುತ್ತದೆ. ನೋವಿನ ಮದ್ದಿನ ಮಾತಾದರೆ ಅದು ದಾದಿಗೆ. ಶೌಚಕ್ಕೆ ಹೋಗಲು ಆಸರೆ ಬೇಕೆಂದರೆ ಸಹಾಯಕರಿಗೆ. ತಕ್ಕ ಸಮಯದಲ್ಲಿ ಉತ್ತರ ಬಾರದಿದ್ದರೆ ಕೋರಿಕೆ ಮೇಲಿನವರಿಗೆ ಹೋಗುತ್ತದೆ. ಟಿ.ವಿ. ಚಾನೆಲ್ ಬದಲಿಸಲು ಯಾರನ್ನೂ ಕರೆಯಬೇಕಾಗಿಲ್ಲ. ಗಂಟೆಗೆ ಹೇಳಲು ಬಾರದಿದ್ದ ‘ಏಕೆ’ ಎಂಬುದು ಕೊನೆಗೂ ಕರೆಯ ಜೊತೆಗೇ ಬಂತು. ಮೂರು ನಡಿಗೆಯಲ್ಲಿ ಒಂದಾದರೂ ಉಳಿಯಿತು.

ಇತ್ತೀಚಿನದು ಮೂರನೆಯ ಹೆಜ್ಜೆ. ಹಾಸಿಗೆಯ ಬಳಿ ನಡೆಯುವ ಮಾತುಕತೆಯನ್ನು ಯಂತ್ರ ಆಲಿಸಿ, ದಾಖಲೆಯ ಕರಡನ್ನು ತಾನೇ ಸಿದ್ಧಪಡಿಸುತ್ತದೆ. ದಾದಿ ಓದಿ, ತಿದ್ದಿ, ಒಪ್ಪಿಗೆ ಕೊಟ್ಟರೆ ಅದು ರೋಗಿಯ ಕಡತ ಸೇರುತ್ತದೆ. ದಾಖಲೆಗೆ ಹೋಗುವ ಆ ಶೇಕಡಾ 35ರ ಮೇಲೆ ಇದರ ಕಣ್ಣು.

ಇಷ್ಟು ಕೇಳಿದವರಿಗೆ ಸಮಸ್ಯೆ ಬಗೆಹರಿಯಿತು ಎನಿಸಬಹುದು. ಆದರೆ ಯಂತ್ರದ ಕಿವಿ ಎಲ್ಲರಿಗೂ ಸಮನಾಗಿ ತೆರೆದಿಲ್ಲ. 2020ರಲ್ಲಿ ಅಮೆರಿಕದ ಸಂಶೋಧಕರು ಐದು ದೊಡ್ಡ ಕಂಪನಿಗಳ ಧ್ವನಿ ಗುರುತಿಸುವ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಬಿಳಿಯರು ಆಡಿದ 100 ಪದಗಳಲ್ಲಿ ಸರಾಸರಿ 19 ತಪ್ಪಾದರೆ, ಕರಿಯರು ಆಡಿದ 100ರಲ್ಲಿ 35 ತಪ್ಪಾದವು. ಯಂತ್ರ ಯಾರ ಮಾತನ್ನು ಹೆಚ್ಚಾಗಿ ಕೇಳಿ ಕಲಿತಿದೆಯೋ ಅವರ ಮಾತು ಅದಕ್ಕೆ ಸಲೀಸು. ಉಳಿದವರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಬೇಕು. ಟಿ.ವಿ. ಮುಂದೆ ಇದು ಬೇಸರದ ಸಂಗತಿ. ಎದೆನೋವು ಬಂದಾಗ ಪ್ರಾಣದ ಸಂಗತಿ.

ಇನ್ನೊಂದು ತೊಡಕು ಇದಕ್ಕಿಂತ ವಿಚಿತ್ರವಾದದ್ದು. ‘ವಿಸ್ಪರ್’ ಎಂಬ ಹೆಸರಾಂತ ವ್ಯವಸ್ಥೆಯ ಬಗ್ಗೆ 2024ರಲ್ಲಿ ಪ್ರಕಟವಾದ ಅಧ್ಯಯನವು, ಪರೀಕ್ಷಿಸಿದ ಧ್ವನಿತುಣುಕುಗಳಲ್ಲಿ ಸುಮಾರು ಶೇಕಡಾ ಒಂದರಲ್ಲಿ ಯಾರೂ ಆಡದ ಮಾತುಗಳು ಬರಹದಲ್ಲಿ ಸೇರಿಕೊಂಡಿದ್ದನ್ನು ತೋರಿಸಿತು. ಪಾರ್ಶ್ವವಾಯುವಿನಂಥ ಕಾರಣದಿಂದ ಮಾತಿಗೆ ತಡಕಾಡುವವರ ವಿಷಯದಲ್ಲಿ ಇದು ಹೆಚ್ಚು. ಅವರು ಮಾತಿನ ನಡುವೆ ದೀರ್ಘವಾಗಿ ನಿಲ್ಲುತ್ತಾರೆ. ಆ ಮೌನವನ್ನು ಯಂತ್ರ ತನ್ನ ಊಹೆಯಿಂದ ತುಂಬುತ್ತದೆ. ನುರಿತ ದಾದಿಗೆ ಮೌನವೂ ಒಂದು ಲಕ್ಷಣ. ಆದ್ದರಿಂದ ಕರಡನ್ನು ಓದಿ ತಿದ್ದುವ ಕೆಲಸ ಬರಿಯ ಶಾಸ್ತ್ರವಲ್ಲ, ಅದಕ್ಕೂ ವೇಳೆ ಬೇಕು.

ಕನ್ನಡಕ್ಕೂ ಈ ಪಾಠ ಸಲ್ಲುತ್ತದೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಭಾಷಿಣಿ’ ಯೋಜನೆಯಲ್ಲಿ ಕನ್ನಡವೂ ಸೇರಿದೆ. ಆದರೆ ಯಾವ ಕನ್ನಡ? ಉತ್ತರ ಕರ್ನಾಟಕದ ಅಜ್ಜಿ ‘ತಲಿ ಶೂಲಿ’ ಎಂದಾಗ ಪುಸ್ತಕದ ಕನ್ನಡವನ್ನಷ್ಟೇ ಕಲಿತ ಯಂತ್ರ ತಡವರಿಸುವುದು ಖಂಡಿತ. ಕೇರಳದಿಂದ ಬಂದ ದಾದಿಗೂ ಮೊದಲ ದಿನ ಆ ಮಾತು ತಿಳಿಯಲಿಕ್ಕಿಲ್ಲ. ಆದರೆ ಆಕೆ ಹಣೆ ಹಿಡಿದುಕೊಂಡ ಕೈಯನ್ನು ನೋಡುತ್ತಾಳೆ.

ಇನ್ನು ಮುಖ್ಯವಾದ ಮಾತು. ಯಂತ್ರ ಕರೆಯನ್ನು ತಲುಪಿಸುತ್ತದೆ. ಓಗೊಟ್ಟು ಬರಬೇಕಾದವಳು ದಾದಿಯೇ. ಪೆನ್ಸಿಲ್ವೇನಿಯದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಕುರಿತು ಲಿಂಡಾ ಏಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ದಾಖಲಾದ 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇಕಡಾ 7ರಷ್ಟು ಏರುವುದು ಅದರಲ್ಲಿ ಕಂಡುಬಂತು. ಕ್ಯಾಲಿಫೋರ್ನಿಯ ರಾಜ್ಯ 1999ರಲ್ಲಿ ಕಾನೂನು ಮಾಡಿ, 2004ರಿಂದ ಒಬ್ಬ ದಾದಿಗೆ ಇಷ್ಟೇ ರೋಗಿಗಳು ಎಂಬ ಮಿತಿಯನ್ನು ಜಾರಿಗೆ ತಂದಿತು. ಅಲೆಕ್ಸಾದ ಪ್ರಯೋಗ ನಡೆದ ಆಸ್ಪತ್ರೆ ಇರುವುದೂ ಅದೇ ರಾಜ್ಯದಲ್ಲಿ. ಅಲ್ಲಿ ಯಂತ್ರ ಬಂದರೂ ದಾದಿಯರ ಸಂಖ್ಯೆಯನ್ನು ಮನಬಂದಂತೆ ಇಳಿಸುವಂತಿಲ್ಲ. ಇಂಥ ಕಟ್ಟುಪಾಡು ಇಲ್ಲದ ಕಡೆ, ಉಳಿದ ಹೊತ್ತನ್ನು ಆಡಳಿತದವರು ಇನ್ನೆರಡು ಹಾಸಿಗೆಗಳ ಹೊಣೆಯಾಗಿ ಆಕೆಯ ಮೇಲೆಯೇ ಹೊರಿಸಬಹುದು. ಆಗ ಉಳಿತಾಯವಾದದ್ದು ಯಾರಿಗೆ?

ಆದಕಾರಣ ಇಂಥ ಯಂತ್ರವನ್ನು ಕೊಳ್ಳಹೊರಟ ಆಸ್ಪತ್ರೆಯನ್ನು ಕೇಳಬೇಕಾದ ಪ್ರಶ್ನೆ ಒಂದೇ. ಅದು ಎಷ್ಟು ಮಾತು ಕೇಳಿಸಿಕೊಂಡಿತು, ಎಷ್ಟು ಪುಟ ಬರೆಯಿತು ಎಂಬುದಲ್ಲ. ಅದು ಬಂದ ಮೇಲೆ ದಾದಿ ರೋಗಿಯ ಪಕ್ಕದಲ್ಲಿ ಎಷ್ಟು ನಿಮಿಷ ಹೆಚ್ಚು ನಿಂತಳು ಎಂಬುದು. ಹಾರ್ಲಿ ಸ್ಟ್ರೀಟಿನಲ್ಲಿ ಗಂಟೆ ಬೇಕೆಂದು ಕೇಳಿದಾಗ ನೈಟಿಂಗೇಲರ ಮನಸ್ಸಿನಲ್ಲಿ ಇದ್ದ ಲೆಕ್ಕವೂ ಇದೇ.