ರತ್ನದ ಬಣ್ಣ ಎಲ್ಲಿ ನಿಲ್ಲುತ್ತದೆ



ಪಚ್ಚೆಯ ಹಸಿರು, ಮಾಣಿಕ್ಯದ ಕೆಂಪು, ನೀಲಮಣಿಯ ನೀಲಿ ಈಗ ಗೋಡೆಗೂ ಸೋಫಾಕ್ಕೂ ಮದುವೆಯ ಉಡುಪಿಗೂ ಬಂದಿವೆ. ನನಗೆ ಸಂತೋಷವೇ. ಆದರೆ ಅಂಗಡಿಯ ಪುಸ್ತಕದಲ್ಲಿ ಕಣ್ಣು ತುಂಬಿದ ಹಸಿರು ಮನೆಯ ಗೋಡೆಗೆ ಬಂದ ಮೇಲೆ ಏಕೆ ಮಂಕಾಗುತ್ತದೆ? ಉತ್ತರ ಹುಡುಕಲು ಹೈದರಾಬಾದಿನ ಪತ್ಥರ್‌ಗಟ್ಟಿಯವರೆಗೆ ಹೋದರೆ ಸಾಕು.

ಚಾರ್‌ಮಿನಾರ್ ಕಟ್ಟಿಸಿದ ಮುಹಮ್ಮದ್ ಕುಲಿ ಕುತುಬ್ ಷಾ 1590ರ ದಶಕದಲ್ಲಿ ಅಲ್ಲಿ ಮೊಹರಂ ಶೋಕಾಚರಣೆಗೆಂದು ಬಾದಶಾಹಿ ಆಶೂರ್‌ಖಾನಾ ಕಟ್ಟಿಸಿದ. ಒಳಗೋಡೆಯ ತುಂಬ ಮೆರುಗು ಬಿಲ್ಲೆಗಳು. ಒಂದೊಂದು ಬಣ್ಣದ ಬಿಲ್ಲೆಯನ್ನೂ ಬೇಕಾದ ಆಕಾರಕ್ಕೆ ಕತ್ತರಿಸಿ, ಪಕ್ಕಪಕ್ಕದಲ್ಲಿ ಕೂಡಿಸಿದ್ದಾರೆ. ಕಡುನೀಲಿ, ಹಸಿರು, ಅರಿಸಿನ ಹಳದಿ. 1908ರ ಮೂಸಿ ನದಿಯ ಪ್ರವಾಹದಲ್ಲಿ ನೀರು ಒಳಗೆ ನುಗ್ಗಿ ಕೆಳಭಾಗದ ಬಿಲ್ಲೆಗಳು ಹಾಳಾದವು. ಆ ಜಾಗವನ್ನು ಅದೇ ವಿನ್ಯಾಸದಲ್ಲಿ ಬಣ್ಣ ಬಳಿದು ತುಂಬಿಸಿದರು. ಒಂದೇ ಗೋಡೆಯಲ್ಲಿ ಬಿಲ್ಲೆಯೂ ಇದೆ, ಬಳಿದ ಬಣ್ಣವೂ ಇದೆ. ಹತ್ತಿರ ನಿಂತು ನೋಡಿ. ಬಿಲ್ಲೆಯ ನೀಲಿಗೆ ಆಳವಿದೆ, ಬಳಿದ ನೀಲಿ ಅಲ್ಲಿಗೇ ಮುಗಿಯುತ್ತದೆ.

ಕಾರಣ ಬೆಳಕು. ಮೆರುಗು ಎಂದರೆ ಗಾಜಿನ ತೆಳು ಪದರ. ಬೆಳಕು ಅದರೊಳಗೆ ಇಳಿದು, ಬಣ್ಣ ಹೊತ್ತು ಹೊರಬರುತ್ತದೆ. ರತ್ನದಲ್ಲಿಯೂ ಹೀಗೆಯೇ. ಮಾಣಿಕ್ಯ ಕೆಂಪಾಗಲು ಕಾರಣ ಕ್ರೋಮಿಯಂ. ಪಚ್ಚೆ ಹಸಿರಾಗಲು ಕಾರಣವೂ ಬಹುತೇಕ ಅದೇ ಕ್ರೋಮಿಯಂ! ಧಾತು ಒಂದೇ, ಅದು ಸೇರಿದ ಹರಳು ಬೇರೆ. ಹೀಗಾಗಿ ರತ್ನವರ್ಣ ಬೇಕೆನ್ನುವವರು ಮೊದಲು ಆರಿಸಬೇಕಾದದ್ದು ವಸ್ತುವನ್ನು, ಆಮೇಲೆ ಬಣ್ಣವನ್ನು.

ಬಟ್ಟೆಯಲ್ಲಿ ಇದನ್ನು ಗದ್ವಾಲದ ನೇಕಾರರು ತೋರಿಸಿಕೊಡುತ್ತಾರೆ. ರಾಯಚೂರಿನವರಿಗೆ ಗದ್ವಾಲ ನೆರೆಯ ಊರು. ಅಲ್ಲಿಯ ಸಾಂಪ್ರದಾಯಿಕ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ರೇಷ್ಮೆಯ ಎಳೆಯನ್ನು ಅಡ್ಡಲಾಗಿ ಕತ್ತರಿಸಿದರೆ ಹೆಚ್ಚುಕಡಿಮೆ ತ್ರಿಕೋನ. ಬೆಳಕು ಅದರಲ್ಲಿ ಒಡೆದು ಮಿನುಗುತ್ತದೆ. ಹತ್ತಿ ಬೆಳಕನ್ನು ಚದುರಿಸಿಬಿಡುತ್ತದೆ. ಒಡಲು ತಣ್ಣಗಿರುವುದರಿಂದಲೇ ಅಂಚಿನ ದಾಳಿಂಬೆ ಕೆಂಪು ಉರಿಯುತ್ತದೆ. ಮೈತುಂಬ ಅದೇ ಕೆಂಪಿದ್ದರೆ ಕಣ್ಣು ಬೇಗ ದಣಿಯುತ್ತದೆ.

ಹೀಗೆ ಬಣ್ಣಕ್ಕೆ ತಕ್ಕ ಹಿನ್ನೆಲೆ ಆರಿಸುವ ವಿವೇಕದಲ್ಲಿ ನಮ್ಮ ಬೀದರಿಗೆ ಸಾಟಿಯಿಲ್ಲ. ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಚಿಪ್ಪಿನಲ್ಲಿ ಸುಳಿಯುವ ಗುಲಾಬಿ, ಹಸಿರು ಛಾಯೆ ಬಿಳಿ ಗೋಡೆಯ ಮೇಲಾಗಿದ್ದರೆ ಕಾಣುತ್ತಲೇ ಇರಲಿಲ್ಲ. ಬೀದರನ್ನಾಳಿದ ಅಲಿ ಬರೀದ್ ಷಾನ ಕಾಲದ ಆ ಕೆಲಸಗಾರರಿಗೆ ಎಷ್ಟು ಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು.

ಮನೆಗೆ ಬಂದರೆ ನನ್ನ ಸಲಹೆ ಇಷ್ಟೇ. ನಾಲ್ಕು ಗೋಡೆಗೂ ಪಚ್ಚೆ ಬಳಿಯಬೇಡಿ. ಗೋಡೆ ಸುಣ್ಣದ ಬಿಳುಪಿನಲ್ಲಿರಲಿ. ಆ ಹಸಿರನ್ನು ಮಖಮಲ್ಲಿನ ದಿಂಬಿಗೋ ರೇಷ್ಮೆ ಪರದೆಗೋ ಕೊಡಿ. ದೀಪ ಹಳದಿ ಛಾಯೆಯದಿರಲಿ, ನೀಲಿ ಬೆರೆತ ಬಿಳಿ ಎಲ್‌ಇಡಿಯಲ್ಲಿ ಕೆಂಪು ಸೊರಗುತ್ತದೆ. ಹೆಚ್ಚು ದುಡ್ಡಿಲ್ಲದವರಿಗೂ ಹೈದರಾಬಾದಿನ ಲಾಡ್ ಬಜಾರಿನ ಅರಗಿನ ಬಳೆಗಳಿವೆ. ಬಿಸಿ ಅರಗಿನಲ್ಲಿ ಗಾಜಿನ ಹರಳುಗಳನ್ನು ಒಂದೊಂದಾಗಿ ಒತ್ತಿ ಕೂರಿಸುವ ಆ ಕಸುಬಿಗೆ 2024ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ.

ಕೊನೆಯದಾಗಿ ನಿಜಾಮರ ಆಭರಣಗಳ ಮಾತು. ಕುಂದಣದ ಕೆಲಸದಲ್ಲಿ ಹರಳಿನ ಹಿಂದೆ ಬೇಗಡೆ ಇಡುತ್ತಾರೆ, ಒಳಹೊಕ್ಕ ಬೆಳಕು ತಿರುಗಿ ಬರಲಿ ಎಂದು. ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ಆ ಒಡವೆಗಳಲ್ಲಿ ಕಣ್ಣಿಗೆ ಕಾಣುತ್ತದೆ: ಕೊಲಂಬಿಯಾದ ಪಚ್ಚೆ, ಬರ್ಮಾದ ಕೆಂಪು, ಗೋಲ್ಕೊಂಡದ ವಜ್ರ. ಕೇಂದ್ರ ಸರ್ಕಾರ 1995ರಲ್ಲಿ ಸುಮಾರು 218 ಕೋಟಿ ರೂಪಾಯಿಗೆ ಈ 173 ಆಭರಣಗಳನ್ನು ಕೊಂಡಿತು. 2001ರಲ್ಲಿ ಮತ್ತು 2006ರಲ್ಲಿ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಜನ ಅವನ್ನು ನೋಡಿದರು. ಉಳಿದ ಕಾಲವೆಲ್ಲ ಬಹುಪಾಲು ಅವು ರಿಸರ್ವ್ ಬ್ಯಾಂಕಿನ ಕತ್ತಲೆಯಲ್ಲೇ ಇವೆ. ಜನರ ಹಣದಿಂದ ಕೊಂಡ ಒಡವೆ ಜನರ ಕಣ್ಣಿಗೆ ಬೀಳಬೇಕು. ಅವು ಹೈದರಾಬಾದಿನಲ್ಲಿ ಕಾಯಂ ಪ್ರದರ್ಶನಕ್ಕೆ ಬರಲಿ ಎಂಬ ಈ ಊರಿನ ಬೇಡಿಕೆಗೆ ಇಲ್ಲಿಯ ಕನ್ನಡಿಗರಾದ ನಾವೂ ದನಿಗೂಡಿಸೋಣ.