ಮನೆಯ ಲೆಕ್ಕ ಕೇಳಿದ ಹೆಣ್ಣು

(ಮಠದ ಮಾಸಿಕ ಶರಣ ಸಂಗಮದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಪೂಜ್ಯರು ನನಗೆ ಕೊಟ್ಟ ವಿಷಯ ‘ಕಾದಂಬರಿಗಳಲ್ಲಿ ಮಹಿಳೆ ಮತ್ತು ಪುರುಷಪ್ರಧಾನ ವ್ಯವಸ್ಥೆ’. ನಾನು ಸಾಹಿತ್ಯದ ಪ್ರಾಧ್ಯಾಪಕನಲ್ಲ. 35 ವರ್ಷ ರಸ್ತೆ, ಸೇತುವೆ, ಶಾಲಾ ಕಟ್ಟಡ ಕಟ್ಟಿಸಿ ನಿವೃತ್ತನಾದ ಸರಕಾರಿ ಎಂಜಿನಿಯರ್. ನಮ್ಮ ಇಲಾಖೆಯಲ್ಲಿ ಅಳತೆ ಪುಸ್ತಕ ಅಂತ ಒಂದಿರುತ್ತದೆ. ಸ್ಥಳಕ್ಕೆ ಹೋಗಿ, ಟೇಪು ಹಿಡಿದು, ಆದ ಕೆಲಸವನ್ನು ಅದರಲ್ಲಿ ಬರೆದ ಮೇಲೆಯೇ ಬಿಲ್ಲು. ಅದೇ ಅಭ್ಯಾಸದಿಂದ, ಹತ್ತು ಕಾದಂಬರಿಗಳ ಹೆಸರು ಹೇಳುವ ಬದಲು ಒಂದೇ ಕಾದಂಬರಿಯನ್ನು ಅಳತೆ ಮಾಡಿ ನಿಮ್ಮ ಮುಂದಿಡುತ್ತೇನೆ.

ನನ್ನ ಮಗಳು ಇಂಗ್ಲಿಷ್ ಎಂ.ಎ. ಓದುವಾಗ ತಂದ ಸಣ್ಣ ಪುಸ್ತಕವೊಂದು ಕಪಾಟಿನಲ್ಲಿ ಉಳಿದಿತ್ತು. ನಿವೃತ್ತಿಯ ನಂತರ ಕೈಗೆ ಸಿಕ್ಕಿತು. ಬರೆದವರು ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ಮರಿಯಾಮ ಬಾ. 1929ರಲ್ಲಿ ಡಕಾರ್‌ನಲ್ಲಿ ಹುಟ್ಟಿದವರು, ಶಾಲಾ ಶಿಕ್ಷಕಿ, ಒಂಬತ್ತು ಮಕ್ಕಳ ತಾಯಿ. ಫ್ರೆಂಚರ ಆಳ್ವಿಕೆಯಿಂದ ಸೆನೆಗಲ್ ಸ್ವತಂತ್ರವಾದದ್ದು 1960ರಲ್ಲಿ. ಅದಾದ 19 ವರ್ಷಕ್ಕೆ, 1979ರಲ್ಲಿ, ಅವರು ಫ್ರೆಂಚ್ ಭಾಷೆಯಲ್ಲಿ ಬರೆದ ಮೊದಲ ಕಾದಂಬರಿ ಬಂತು. ಹೆಸರು ‘ಇಷ್ಟು ಉದ್ದದ ಪತ್ರ’ ಎಂಬರ್ಥದ್ದು. ಆಫ್ರಿಕಾದ ಬರಹಗಾರರಿಗೆ ಕೊಡುತ್ತಿದ್ದ ನೋಮಾ ಪ್ರಶಸ್ತಿ 1980ರಲ್ಲಿ ಮೊಟ್ಟಮೊದಲು ಸಂದದ್ದು ಇದೇ ಪುಸ್ತಕಕ್ಕೆ. ಮರುವರ್ಷ ಅವರು ತೀರಿಕೊಂಡರು.

ಕಥೆ ಹೀಗಿದೆ. ರಮತುಲಾಯಿ ಒಬ್ಬ ಶಿಕ್ಷಕಿ, ಹನ್ನೆರಡು ಮಕ್ಕಳ ತಾಯಿ. ಗಂಡ ಮೋದು ವಕೀಲ, ಕಾರ್ಮಿಕ ಸಂಘದ ನಾಯಕ, ಆಮೇಲೆ ಲೋಕೋಪಯೋಗಿ ಸಚಿವಾಲಯದ ಸಲಹೆಗಾರ. (ನನ್ನದೇ ಇಲಾಖೆಯವನು ಅಂತ ಓದುವಾಗ ನನಗೆ ಸ್ವಲ್ಪ ಮುಜುಗರವಾಯಿತು!) ಪ್ರೀತಿಸಿ ಮದುವೆಯಾದವರು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ ಮೇಲೆ ಅವನು ತನ್ನ ಹಿರಿಯ ಮಗಳ ಸಹಪಾಠಿ ಬಿನೆತು ಎಂಬ ಹುಡುಗಿಯನ್ನು ಗುಟ್ಟಾಗಿ ಮದುವೆಯಾಗುತ್ತಾನೆ. ಮದುವೆಯ ದಿನವೇ ಅವನ ಅಣ್ಣ, ಒಬ್ಬ ಸ್ನೇಹಿತ ಮತ್ತು ಇಮಾಮರು ಮನೆಗೆ ಬಂದು ಹೆಂಡತಿಗೆ ಸುದ್ದಿ ಮುಟ್ಟಿಸುತ್ತಾರೆ. ಅವಳು ಅಳುವುದಿಲ್ಲ, ಬಂದವರಿಗೆ ಉಪಚಾರ ಮಾಡಿ ಕಳಿಸುತ್ತಾಳೆ. ಐದು ವರ್ಷದ ನಂತರ ಮೋದು ಹೃದಯಾಘಾತದಿಂದ ಸಾಯುತ್ತಾನೆ. ವಿಧವೆ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲಿ ಶೋಕ ಆಚರಿಸಬೇಕು. ಆ ಕಾಲದಲ್ಲಿ ಗೆಳತಿ ಅಯಿಸಾತುವಿಗೆ ಬರೆದ ಪತ್ರವೇ ಈ ಕಾದಂಬರಿ.

ಇಸ್ಲಾಮಿನ ಪದ್ಧತಿಯಲ್ಲಿ ಸತ್ತವನ ಆಸ್ತಿ, ಸಾಲ ಎಲ್ಲವನ್ನೂ ಬಿಚ್ಚಿಟ್ಟು ಹಂಚಬೇಕು. ‘ಮಿರಾಸ್’ ಅನ್ನುತ್ತಾರೆ. ನಮ್ಮಲ್ಲಿ ಮಿರಾಸಿ ಅನ್ನುವ ಮಾತು ನೆನಪಾಗುತ್ತದಲ್ಲವೇ? ಆ ಲೆಕ್ಕದಲ್ಲಿ ಏನೇನು ಹೊರಬಂತು? ಗಂಡ ಹೆಂಡತಿ ಇಬ್ಬರ ಉಳಿತಾಯದಿಂದ ಆದ ಮನೆ ಅವನೊಬ್ಬನ ಹೆಸರಿನಲ್ಲಿತ್ತು. ಅದನ್ನೇ ಅಡವಿಟ್ಟು ಸಾಲ ತೆಗೆದು ಹೊಸ ಹೆಂಡತಿಗೆ ಮನೆ ಕೊಂಡಿದ್ದ. ಆ ಹುಡುಗಿಯನ್ನು ಶಾಲೆ ಬಿಡಿಸಿ, ಸಂಬಳದಂತೆ ತಿಂಗಳಿಗೆ 50,000 ಫ್ರಾಂಕ್ ಕೊಡುವುದಾಗಿ ಒಪ್ಪಿಕೊಂಡಿದ್ದ. ಸಾವಿನ ಮನೆಗೆ ಬಂದವರು ಕೊಟ್ಟ ಹಣವೂ ಗಂಡನ ಕಡೆಯವರ ಪಾಲಾಯಿತು.

ರಮತುಲಾಯಿ ಆಸ್ತಿಯ ಲೆಕ್ಕಕ್ಕೇ ನಿಲ್ಲುವುದಿಲ್ಲ. ಗಂಡನ ಮಾತು, ನಡತೆ, ಕೊಟ್ಟ ಭಾಷೆ, ಮುರಿದ ಭಾಷೆ ಎಲ್ಲವನ್ನೂ ಪಟ್ಟಿ ಮಾಡುತ್ತಾಳೆ. ಧರ್ಮವನ್ನು ಅವಳು ಬಿಟ್ಟಿಲ್ಲ. ಧರ್ಮವೇ ಹೇಳಿದ ಲೆಕ್ಕವನ್ನು ಪೂರ್ತಿ ಮಾಡುತ್ತಿದ್ದಾಳೆ. ನನಗೆ ಈ ಪುಸ್ತಕ ದೊಡ್ಡದಾಗಿ ಕಂಡದ್ದು ಇಲ್ಲಿ.

ನಲವತ್ತನೆಯ ದಿನ ಕಳೆಯುತ್ತಲೇ ಗಂಡನ ಅಣ್ಣ ತಮ್ಸೀರ್ ಬಂದು, ‘ನಿನ್ನನ್ನು ನಾನೇ ಮದುವೆಯಾಗುತ್ತೇನೆ’ ಅಂತ ಘೋಷಿಸುತ್ತಾನೆ. ಕೇಳುವುದಿಲ್ಲ, ಘೋಷಿಸುತ್ತಾನೆ. ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಅಂದು ಬಾಯಿ ತೆರೆಯುತ್ತಾಳೆ. ಅವನಿಗೂ ಅವಳು ಕೊಡುವುದು ಲೆಕ್ಕವನ್ನೇ. ನಿನ್ನ ಮೂವರು ಹೆಂಡಿರಲ್ಲಿ ಒಬ್ಬಳು ಬಟ್ಟೆಗೆ ಬಣ್ಣ ಹಾಕುತ್ತಾಳೆ, ಒಬ್ಬಳು ಹಣ್ಣು ಮಾರುತ್ತಾಳೆ, ಒಬ್ಬಳು ಹೊಲಿಗೆ ಯಂತ್ರ ತಿರುಗಿಸುತ್ತಾಳೆ. ದುಡಿಯುವವರು ಅವರು, ಯಜಮಾನ ನೀನು! ಮುಂದೆ ದಾವುದ ಎಂಬ ಸಜ್ಜನ ವೈದ್ಯ, ಶಾಸನಸಭೆಯಲ್ಲಿ ಮಹಿಳೆಯರ ಪರ ಮಾತಾಡುವವನು, ಮದುವೆ ಪ್ರಸ್ತಾಪ ತರುತ್ತಾನೆ. ಅವನನ್ನೂ ಒಲ್ಲೆ ಅನ್ನುತ್ತಾಳೆ. ಅವನ ಮನೆಯಲ್ಲಿ ಹೆಂಡತಿ ಇದ್ದಾಳೆ. ತಾನು ಉಂಡ ನೋವನ್ನು ಇನ್ನೊಬ್ಬ ಹೆಣ್ಣಿಗೆ ಬಡಿಸಲಾರೆ ಎಂಬುದು ಅವಳ ನಿಲುವು.

ಇದು ಬೇರೆ ದೇಶದ, ಬೇರೆ ಧರ್ಮದವರ ಮನೆಯ ಮಾತು, ನಮಗೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಹಾಗೆ ಅನ್ನಿಸುವುದರಲ್ಲೇ ಒಂದು ಅಪಾಯ ಇದೆ. ವಸಾಹತು ಆಳಿದವರು ಮಾಡಿದ್ದೂ ಇದನ್ನೇ. ‘ಇವರ ಹೆಂಗಸರ ಸ್ಥಿತಿ ನೋಡಿ, ಇವರು ಆಳಿಕೊಳ್ಳಲು ಯೋಗ್ಯರೇ?’ ಎಂದು ಕೇಳಿದರು. 1927ರಲ್ಲಿ ಅಮೆರಿಕದ ಕ್ಯಾಥರೀನ್ ಮೇಯೊ ‘ಮದರ್ ಇಂಡಿಯಾ’ ಬರೆದದ್ದು ಇದೇ ಧಾಟಿಯಲ್ಲಿ. ಅದಕ್ಕೆ ನಮ್ಮ ಗಂಡಸರು ಏನು ಮಾಡಿದರು? ಪರಕೀಯರಿಂದ ದೇಶ ಬಿಡಿಸೋಣ, ಮನೆಯೊಳಗಿನ ಮಾತು ಮಾತ್ರ ಎತ್ತಬೇಡಿ, ಅದು ನಮ್ಮ ಸಂಸ್ಕೃತಿ ಅಂದರು. ಹೆಣ್ಣು ಎರಡೂ ಕಡೆಯಿಂದ ಸಿಕ್ಕಿಬಿದ್ದಳು. ಒಬ್ಬರಿಗೆ ಅವಳು ಹೀಯಾಳಿಸಲು ನೆಪ, ಇನ್ನೊಬ್ಬರಿಗೆ ಕಾಯಬೇಕಾದ ಮಾನ. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ವಸಾಹತೋತ್ತರ ಸ್ತ್ರೀವಾದ ಎಂಬ ದೊಡ್ಡ ಹೆಸರಿನ ಹಿಂದಿರುವ ತಿರುಳು ಇದು ಅಂತ ನಾನು ತಿಳಿದುಕೊಂಡಿದ್ದೇನೆ. ನಮ್ಮ ದೇಶದವರೇ ಆದ ಚಂದ್ರಾ ತಲಪಡೆ ಮೊಹಾಂತಿ 1984ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಪಾಶ್ಚಾತ್ಯ ಸ್ತ್ರೀವಾದಿಗಳಿಗೂ ಇದೇ ತಕರಾರು ಹಾಕಿದರು: ನಮ್ಮೆಲ್ಲರನ್ನೂ ಒಂದೇ ಅಚ್ಚಿನ ಅಸಹಾಯಕ ಹೆಂಗಸರೆಂದು ನೋಡಬೇಡಿ.

ಮೋದುವನ್ನು ಈ ಬೆಳಕಿನಲ್ಲಿ ನೋಡಿ. ಕಾರ್ಮಿಕರ ಹಕ್ಕಿಗೆ ಭಾಷಣ ಮಾಡಿದವನು, ಹೊಸ ದೇಶ ಕಟ್ಟಲು ಹೊರಟವನು. ಅವನ ಸ್ವಾತಂತ್ರ್ಯ ಹೊಸ್ತಿಲ ಹೊರಗೇ ನಿಂತಿತು.

ಇನ್ನು ಗೆಳತಿ ಅಯಿಸಾತು. ಈಕೆಯ ಕಥೆ ನಮಗೆ ಇನ್ನೂ ಹತ್ತಿರ. ಆಕೆ ಅಕ್ಕಸಾಲಿಗನ ಮಗಳು. ಆ ಸಮಾಜದಲ್ಲೂ ಕಸುಬಿನಿಂದ ಬಂದ ಜಾತಿ ಇದೆ, ಲೋಹದ ಕೆಲಸದವರು ಕೆಳಗೆ. ಆಕೆ ಮದುವೆಯಾದ ವೈದ್ಯ ಮಾವ್ದೊ ತಾಯಿಯ ಕಡೆಯಿಂದ ರಾಜಮನೆತನದವನು. ಅತ್ತೆ ಜಗಳವಾಡಲಿಲ್ಲ. ತಮ್ಮನ ಮಗಳನ್ನು ತಂದು ಸಾಕಿ, ಸೂಲಗಿತ್ತಿ ತರಬೇತಿ ಕೊಡಿಸಿ, ವರ್ಷಗಳ ನಂತರ ಮಗನಿಗೆ ಕಟ್ಟಿದಳು. ರಕ್ತ ಶುದ್ಧವಾಗಬೇಕಲ್ಲ! ಮಾವ್ದೊ ತಾಯಿಯ ಮಾತು ಮೀರಲಾರೆ ಅಂದ. ಅಯಿಸಾತು ನಾಲ್ಕು ಗಂಡುಮಕ್ಕಳನ್ನು ಕರೆದುಕೊಂಡು ಹೊರಟಳು, ಓದಿದಳು, ದುಭಾಷಿಯಾಗಿ ಅಮೆರಿಕದಲ್ಲಿದ್ದ ಸೆನೆಗಲ್ ರಾಯಭಾರ ಕಚೇರಿ ಸೇರಿದಳು. ಮುಂದೆ ರಮತುಲಾಯಿ ಬಸ್ಸಿಗೆ ಪರದಾಡುತ್ತಿದ್ದಾಗ ಕಾರು ಕೊಡಿಸಿದ್ದು ಈ ಗೆಳತಿ.

ಇದನ್ನು ಓದುವಾಗ ಹರಳಯ್ಯ, ಮಧುವರಸರು ಕಣ್ಣಮುಂದೆ ಬರುತ್ತಾರೆ. ಕಲ್ಯಾಣದಲ್ಲಿ ಒಂದು ಮದುವೆಗೆ ಶರಣರು ಪ್ರಾಣ ಕೊಟ್ಟರು. ಜಾತಿ ಉಳಿಯುವುದು ಹೆಣ್ಣಿನ ಮದುವೆಯನ್ನು ಹಿಡಿತದಲ್ಲಿಟ್ಟುಕೊಂಡಾಗ ಮಾತ್ರ ಎಂಬುದನ್ನು ಅವರು ಬಲ್ಲರು. ಇವತ್ತು ನಾವು ಒಳಪಂಗಡ ನೋಡದೆ ಎಷ್ಟು ಸಂಬಂಧ ಮಾಡಿದ್ದೇವೆ? ನಮ್ಮ ವಧೂವರರ ಪಟ್ಟಿಗಳನ್ನು ತೆರೆದು ನೋಡಿದರೆ ಉತ್ತರ ಸಿಗುತ್ತದೆ.

ಮರಿಯಾಮ ಬಾ ಹೆಂಗಸರನ್ನೂ ಬಿಟ್ಟಿಲ್ಲ. ಬಿನೆತುವನ್ನು ಮುಂದೆ ದೂಡಿದ್ದು ಬಡತನದಿಂದ ಬೇಸತ್ತ ತಾಯಿ. ಅಯಿಸಾತುವಿನ ಮನೆ ಒಡೆದದ್ದು ಅತ್ತೆ. ಶೋಕದ ದಿನ ಮೂವತ್ತು ವರ್ಷದ ಹೆಂಡತಿಯನ್ನೂ ಐದು ವರ್ಷದ ಹೆಂಡತಿಯನ್ನೂ ಒಂದೇ ತಕ್ಕಡಿಗೆ ಹಾಕಿದ್ದು ನಾದಿನಿಯರು. ಅಟ್ಟಣಿಗೆ ಗಂಡಸರದು, ಅದಕ್ಕೆ ಆಧಾರದ ಕಂಬ ಹಲವು ಸಲ ಹೆಂಗಸರೇ.

ಈಗ ನನ್ನ ಅಳತೆ ಪುಸ್ತಕ. ಇದನ್ನು ತೆರೆಯದೆ ಇಳಿದು ಹೋದರೆ ನಾನೂ ಮೋದುವೇ.

ನಮ್ಮದು ಇಷ್ಟಲಿಂಗ ಪೂಜೆಯ ಮನೆ. ಬಸವಣ್ಣನವರು ಪಂಚಸೂತಕ ಅಲ್ಲಗಳೆದರು ಎಂದು ನಾನೇ ಎಷ್ಟೋ ವೇದಿಕೆಯಲ್ಲಿ ಹೇಳಿದ್ದೇನೆ. ಭಾವ ತೀರಿಕೊಂಡ ದಿನ ಒಳಗೆ ನನ್ನ ಅಕ್ಕನ ಬಳೆ ಒಡೆಯುತ್ತಿದ್ದರು. ಸದ್ದು ಕೇಳಿಸುತ್ತಿತ್ತು. ನಾನು ಅಂಗಳದಲ್ಲಿ ಪೆಂಡಾಲಿನವನ ಜೊತೆ ಕುರ್ಚಿ ಎಣಿಸುತ್ತ ನಿಂತಿದ್ದೆ. ಬೇಡ ಅನ್ನಲು ಒಂದು ಮಾತು ಸಾಕಿತ್ತು.

ಅದಕ್ಕೂ ಮೊದಲಿನದು ಇನ್ನೊಂದು. ಅಪ್ಪ ತೀರಿಕೊಂಡ ಮೇಲೆ ಅಕ್ಕನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದೆ. ಹೊರಗೆ ಬಂದು ಚಹಾ ಕುಡಿಯುವಾಗ ಆಕೆ ಅಂದದ್ದು ಇಷ್ಟೇ: “ತವರುಮನಿ ಬಾಗಿಲಾ ಮುಚ್ಚಬ್ಯಾಡೋ ತಮ್ಮಾ, ನನಗ ಅಷ್ಟ ಸಾಕು.” ನಾನು ಅದನ್ನು ಒಪ್ಪಿಗೆ ಅಂದುಕೊಂಡೆ. ಅದು ಹೆದರಿಕೆ ಎಂದು ತಿಳಿಯಲು ಆಫ್ರಿಕಾದ ಪುಸ್ತಕ ಓದಬೇಕಾಯಿತು. 1956ರ ಉತ್ತರಾಧಿಕಾರ ಕಾಯ್ದೆ ತಂದೆಯ ಆಸ್ತಿಯಲ್ಲಿ ಮಗಳಿಗೆ ಪಾಲು ಕೊಟ್ಟಿತು. 2005ರ ತಿದ್ದುಪಡಿ ಕೂಡುಕುಟುಂಬದ ಆಸ್ತಿಯಲ್ಲೂ ಮಗನಿಗೆ ಸಮ ಮಾಡಿತು. ಕಾಯ್ದೆ ಕೊಟ್ಟದ್ದನ್ನು ಒಂದು ಸಹಿಯಲ್ಲಿ ವಾಪಸು ಪಡೆಯುವವರು ಅಣ್ಣತಮ್ಮಂದಿರಾದ ನಾವು.

ಅಕ್ಕನ ಪಾಲಿನ ಜಮೀನನ್ನು ಆಕೆಯ ಹೆಸರಿಗೆ ಮಾಡಿಸಲು ಕಾಗದಪತ್ರ ತೆಗೆಸಿದ್ದೇನೆ. ಮನೆಯಲ್ಲಿ ಎಲ್ಲರೂ ಒಪ್ಪಿಲ್ಲ. ಅಕ್ಕನೇ ‘ಈಗ್ಯಾಕೋ?’ ಅನ್ನುತ್ತಾಳೆ. ಆದರೂ ಮಾಡಿಸುತ್ತೇನೆ. ಅದನ್ನು ಇಷ್ಟು ಜನರ ಮುಂದೆ ಹೇಳುತ್ತಿರುವುದು, ಇನ್ನು ಹಿಂದೆ ಸರಿಯಲು ನನಗೆ ದಾರಿ ಇರಬಾರದು ಅಂತ.

ನಮ್ಮ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮದಲ್ಲ, ಹಿಂದಿರುಗಿಸಿ ಬಾ ಎಂದು ಕಳಿಸಿದ ತಾಯಿ ಆಕೆ. ಮನೆಯ ಲೆಕ್ಕ ಕೇಳುವ ಅಧಿಕಾರ ಹೆಣ್ಣಿಗೆ ಇದೆ ಎಂದು ಶರಣರು ಒಪ್ಪಿದ್ದರು, ಮಾರಯ್ಯ ತಲೆಬಾಗಿ ಹಿಂದಿರುಗಿಸಿದ. ಹೆಚ್ಚಿಗೆ ತಂದಿಟ್ಟುಕೊಂಡ ಅಕ್ಕಿ ನಮ್ಮ ನಿಮ್ಮ ಮನೆಯಲ್ಲೂ ಇದೆ. ಸೂತಕವಿಲ್ಲ ಅನ್ನುವ ನಮ್ಮ ನುಡಿ ಸಾವಿನ ಮನೆಯ ಒಳಕೋಣೆಯವರೆಗೆ ಹೋಗಲಿ. ಸಮಾನತೆ ಅನ್ನುವ ನುಡಿ ಪಹಣಿಯ ಕಾಲಮ್ಮಿನವರೆಗೆ ಹೋಗಲಿ. ತಾಯಂದಿರೇ, ನೀವು ಲೆಕ್ಕ ಕೇಳಿರಿ. ಬಂಧುಗಳೇ, ಕೇಳುವ ಮೊದಲೇ ನಾವು ಪುಸ್ತಕ ತೆರೆಯೋಣ.