ಅಳಗುಳಿ ಮಣೆಗೆ ಹೆಸರು ಬರೆಯಲು ಏಕೆ ಸಂಕೋಚ?

(ಪೀಣ್ಯದಲ್ಲಿ ಕಾರ್ಖಾನೆ ಹಾಗೂ ಸಾಫ್ಟ್‌ವೇರ್ ಕಂಪನಿಗಳ ಕನ್ನಡ ಯುವಜನರ ಎದುರು ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಪಿಯುಸಿ ಮುಗಿಸಿ ಅಚ್ಚಿನ ಯಂತ್ರದ ಮುಂದೆ ನಿಂತವನು. ಲೇಬಲ್, ಬಿಲ್ ಪುಸ್ತಕ, ರಟ್ಟಿನ ಡಬ್ಬಿ, ಇದೇ ನನ್ನ ಹೊಟ್ಟೆಪಾಡು. ನೀವೋ, ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ಅಮೆರಿಕದವನ ಅಂಗಡಿ, ಜರ್ಮನಿಯವನ ಬ್ಯಾಂಕು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕಟ್ಟಿಕೊಡುವವರು. ನಿಮಗೆ ಅಂಗಡಿಯ ಪಾಠ ಹೇಳಲು ನಾನ್ಯಾರು? ಆದರೂ ಹೇಳುತ್ತೇನೆ. ಚನ್ನಪಟ್ಟಣದ ಗೊಂಬೆ, ಬೀದರಿನ ಬಿದ್ರಿ, ಧಾರವಾಡದ ಕಸೂತಿ ಮಾರುವ ಅಂತರ್ಜಾಲದ ಅಂಗಡಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸರಕು ಚಿನ್ನ, ಅಂಗಡಿ ಮಾತ್ರ ಮೂಗ!

ಈ ರಾತ್ರಿ ಮನೆಗೆ ಹೋಗಿ ನಿಮ್ಮ ಮೊಬೈಲಿನಲ್ಲಿ ಒಂದು ಪರೀಕ್ಷೆ ಮಾಡಿ. ನಿಮ್ಮ ಅಜ್ಜಿ ಹುಣಸೆ ಬೀಜ ಹಾಕಿ ಆಡುತ್ತಿದ್ದ ಹದಿನಾಲ್ಕು ಗುಳಿಯ ಮಣೆ ನೆನಪಿದೆಯಲ್ಲ, ಅಳಗುಳಿ ಮಣೆ? ಮಂಗಳೂರು ಕಡೆಯವರಿಗೆ ಚೆನ್ನೆಮಣೆ. ಅದನ್ನು ಮಾರುವ ಅಂಗಡಿಗಳಲ್ಲಿ ಏನೆಂದು ಬರೆದಿದ್ದಾರೆ ನೋಡಿ. ಬಹಳ ಕಡೆ ‘ಪಲ್ಲಾಂಗುಳಿ’. ಇಲ್ಲದಿದ್ದರೆ ‘ಮಂಕಾಲಾ ಬೋರ್ಡ್’. ತಮಿಳರನ್ನು ಬೈಯಬೇಡಿ. ಅವರು ತಮ್ಮ ಹೆಸರನ್ನು ತಾವು ಬರೆದರು, ಅದು ಅವರ ಜಾಣತನ. ನಮ್ಮ ಹೆಸರನ್ನು ಅವರು ಬಂದು ಬರೆಯಬೇಕೇ? ಕರ್ನಾಟಕದ ಬಡಗಿ ಕೊರೆದ ಮಣೆಗೆ ಕರ್ನಾಟಕದ ಅಂಗಡಿಯವನೇ ಕನ್ನಡದ ಹೆಸರು ಹಾಕದಿದ್ದರೆ ಅದು ಸೋಮಾರಿತನ ಅಷ್ಟೇ ಅಲ್ಲ, ವ್ಯಾಪಾರದ ನಷ್ಟವೂ ಹೌದು. ಹೆಸರು ಹಿಡಿದು ಹುಡುಕುವ ಗಿರಾಕಿಗೆ ಸರಕು ಸಿಗುವುದೇ ಇಲ್ಲ!

ಜನ ಹೇಗೆ ಹುಡುಕುತ್ತಾರೆ? ಒಬ್ಬ ಕನ್ನಡ ಅಕ್ಷರದಲ್ಲಿ, ಇನ್ನೊಬ್ಬ ಇಂಗ್ಲಿಷ್ ಅಕ್ಷರದಲ್ಲಿ ತೋಚಿದ ಹಾಗೆ. ಅಳಗುಳಿ, ಅಳಿಗುಳಿ, ಚೆನ್ನೆ, ಚನ್ನೆ. ಇಷ್ಟೂ ರೂಪಗಳನ್ನು ಸರಕಿನ ಹಿಂದೆ ಪೋಣಿಸಿಡುವುದು ನಿಮ್ಮಂಥವರಿಗೆ ಅರ್ಧ ದಿನದ ಕೆಲಸ. ಬುಗುರಿ, ಗಿಲಕಿ, ಕುಂಕುಮ ಭರಣಿ, ಚೌಕಾಬಾರ, ಎಲ್ಲಕ್ಕೂ ಇದೇ ಮಾತು.

ಇನ್ನು ವಿವರಣೆ. ನಮ್ಮ ಪೀಣ್ಯದಲ್ಲಿ ಬೋಲ್ಟು ಮಾರುವವನು ಏನು ಬರೆಯುತ್ತಾನೆ? ಎಂ 8, ಉದ್ದ 40 ಮಿಲಿಮೀಟರ್, ಇಂಥ ಉಕ್ಕು, ಇಂಥ ಲೇಪ. ಒಂದಂಶ ಬಿಟ್ಟರೂ ಆರ್ಡರ್ ವಾಪಸ್. ಗೊಂಬೆ ಮಾರುವವನು ಏನು ಬರೆಯುತ್ತಾನೆ? ‘ಸುಂದರ ಸಾಂಪ್ರದಾಯಿಕ ಅಲಂಕಾರಿಕ ವಸ್ತು’. ಎಷ್ಟು ದೊಡ್ಡದು? ಮರ ಯಾವುದು? ಮಗು ಬಾಯಿಗೆ ಹಾಕಿಕೊಂಡರೆ ಏನು? ತಾಯಿ ಕೇಳುವ ಮೊದಲ ಪ್ರಶ್ನೆ ಅದೇ ತಾನೇ!

ಉತ್ತರ ಚನ್ನಪಟ್ಟಣದ ಕುಶಲಕರ್ಮಿಯ ಕೈಯಲ್ಲೇ ಇದೆ. ಅಲ್ಲಿನ ಗೊಂಬೆಗೆ ಹೆಸರು ತಂದದ್ದು ಆಲೆಮರ. ಬಿಳಿ, ಮೆತ್ತಗಿನ ಮರ. ಲೇತಿನಲ್ಲಿ ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ಗರಿಯಿಂದ ತೀಡಿ ಹೊಳಪು ಕೊಡುತ್ತಾರೆ. ಬ್ರಷ್ಷೂ ಇಲ್ಲ, ಪೇಂಟಿನ ಡಬ್ಬವೂ ಇಲ್ಲ. ಪೀಣ್ಯದ ಲೇತಿನ ಮುಂದೆ ನಿಂತಿರುವ ನಿಮಗೆ ಇದು ಎಂಥ ಕೈಚಳಕ ಎಂದು ನಾನು ಹೇಳಬೇಕಾಗಿಲ್ಲ. ಈ ನಾಲ್ಕು ಸಾಲು ಅಂಗಡಿಯ ಪುಟದಲ್ಲಿ ಇದೆಯೇ? ಗೊಂಬೆಯನ್ನು ಅಂಗೈ ಮೇಲೆ ಇಟ್ಟು ತೆಗೆದ ಒಂದು ಚಿತ್ರ, ಲೇತಿನಲ್ಲಿ ಅರಗು ಹಿಡಿಯುವ ಅರ್ಧ ನಿಮಿಷದ ವಿಡಿಯೋ, ಸೆಂಟಿಮೀಟರಿನಲ್ಲಿ ಅಳತೆ, ಮಾಡಿದವರು ಒಪ್ಪಿದರೆ ಅವರ ಹೆಸರು. ಇಷ್ಟು ಸಾಕು. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತು ಸಿಕ್ಕಿದ್ದು 2005-06ರಲ್ಲೇ. ಅದನ್ನು ಬಳಸಲು ನೋಂದಣಿ ಪಡೆದವರು ಆ ಸಂಖ್ಯೆಯನ್ನು ಪುಟದಲ್ಲಿ ಹಾಕಲಿ. ಇನ್ನೊಂದು ಮಾತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಗಿರಾಕಿ ಅನುಮಾನ ಪಡುವ ಮೊದಲೇ ಇದನ್ನೂ ಬರೆದುಬಿಡಿ.

ಕಚ್ಚಾ ಸಾಮಗ್ರಿ ಮಾರುವ ಅಂಗಡಿಗಳದು ಇನ್ನೂ ದೊಡ್ಡ ಅನ್ಯಾಯ. ಬೆಂಗಳೂರಿನ ಹುಡುಗಿಯೊಬ್ಬಳು ಕಸೂತಿ ಕಲಿಯಲು ಹೊರಟಳು ಎನ್ನಿ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂದು ಅದರಲ್ಲಿ ನಾಲ್ಕು ಹೊಲಿಗೆ. ಎಳೆ ಎಣಿಸಿ ಹಾಕುವ ಕೆಲಸ, ಬಟ್ಟೆಯ ನೇಯ್ಗೆ ಕೈಕೊಟ್ಟರೆ ಗೋಪುರ ಸೊಟ್ಟಗಾಗುತ್ತದೆ. ಅಂಗಡಿಯಲ್ಲಿ ಇರುವುದು ‘ದಾರ, ಕೆಂಪು’. ಎಷ್ಟು ಎಳೆ? ಬಣ್ಣ ಬಿಡುತ್ತದೆಯೇ? ಯಾವ ಬಟ್ಟೆಗೆ? ಒಂದು ಸಾಲೂ ಇಲ್ಲ. ದಾರ, ಬಟ್ಟೆ, ಸೂಜಿ, ತುಳಸಿಕಟ್ಟೆಯ ಒಂದು ನಕ್ಷೆ, ಕನ್ನಡದಲ್ಲಿ ಒಂದು ಪುಟದ ಸೂಚನೆ ಸೇರಿಸಿ ಒಂದೇ ಪೊಟ್ಟಣ ಮಾಡಿದರೆ ಆ ಹುಡುಗಿ ಎರಡನೇ ಸಲವೂ ಬರುತ್ತಾಳೆ.

‘ಕನ್ನಡ ಹಾಕಿದ್ದೇವೆ ಸ್ವಾಮಿ’ ಎನ್ನುವವರೂ ಇದ್ದಾರೆ. ಹೇಗೆ ಹಾಕಿದ್ದಾರೆ? ಚಿತ್ರ ಮಾಡಿ! ನನ್ನ ಕಸುಬಿನ ವಿಷಯ, ಸ್ವಲ್ಪ ಕೇಳಿ. ಡಿಟಿಪಿಯವರು ನುಡಿಯ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿರುತ್ತಾರೆ. ಅದನ್ನು ಜಾಲತಾಣಕ್ಕೆ ಅಂಟಿಸಿದರೆ ಓದಲಾಗದ ಕಸ ಬರುತ್ತದೆ. ಆಗ ಬರಹದ ಫೋಟೋ ತೆಗೆದು ಹಾಕಿಬಿಡುತ್ತಾರೆ. ಕಣ್ಣಿಗೆ ಕನ್ನಡ, ಹುಡುಕುವ ಯಂತ್ರಕ್ಕೆ ಖಾಲಿ ಗೋಡೆ. ಯೂನಿಕೋಡಿನಲ್ಲಿ ಟೈಪ್ ಮಾಡಿ ಎಂದು ಒಬ್ಬರು ಕೂತು ತೋರಿಸಿಕೊಟ್ಟರೆ ಮುಗಿಯಿತು. ಹೊಸ ನುಡಿಯಲ್ಲೂ ಅದು ಇದೆ. ಆ ಒಬ್ಬರು ನೀವೇ ಏಕಾಗಬಾರದು?

ಲೇಬಲ್ಲಿನ ವಿಷಯಕ್ಕೆ ಬರೋಣ. ನನ್ನ ಗಿರಾಕಿಯೊಬ್ಬರು ಡಬ್ಬಿಯ ಪ್ರೂಫ್ ನೋಡಿ ‘ಜಾಗ ಸಾಲದು, ಕನ್ನಡದ ಸಾಲು ತೆಗೆಯಿರಿ’ ಎಂದರು. ಕೆಳಗೆ ಬಳ್ಳಿಯ ಚಿತ್ತಾರಕ್ಕೆ ಎರಡಂಗುಲ ಜಾಗವಿತ್ತು! ಬಳ್ಳಿ ಕತ್ತರಿಸಿದೆ, ಕನ್ನಡ ಉಳಿಯಿತು. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವೇ ಹೇಳುತ್ತದೆ. 2025ರ ಫೆಬ್ರುವರಿಯಲ್ಲಿ ಸರ್ಕಾರ ಮತ್ತೊಮ್ಮೆ ನೆನಪಿಸಿತು. ಡಬ್ಬಿಯ ಮೇಲೆ ಬೇಕಾದದ್ದು ಅಂಗಡಿಯ ಪುಟದ ಮೇಲೆ ಬೇಡವೇ?

2021ರ ಜೂನ್‌ನಲ್ಲಿ ಕೆನಡಾದ ಅಮೆಜಾನ್ ತಾಣದಲ್ಲಿ ನಮ್ಮ ಬಾವುಟದ ಬಣ್ಣದ ಒಳಉಡುಪು ಕಾಣಿಸಿದಾಗ ನಾವೆಲ್ಲ ಕೂಗೆದ್ದೆವು. ಸರಿಯಾಗಿಯೇ ಕೂಗಿದೆವು, ಅದು ಇಳಿಯಿತು. ಆ ಆವೇಶದ ಕಾಲುಭಾಗ ಚನ್ನಪಟ್ಟಣದ ಒಂದು ಅಂಗಡಿಗೆ ಸಿಕ್ಕಿದ್ದರೆ? ಫ್ಲಿಪ್‌ಕಾರ್ಟ್ 2020ರ ಜೂನ್‌ನಲ್ಲಿ, ಅಮೆಜಾನ್ ಅದೇ ಸೆಪ್ಟೆಂಬರ್‌ನಲ್ಲಿ ಕನ್ನಡಕ್ಕೆ ಬಂದವು. ಲಾಭ ಕಂಡಿತು, ಬಂದವು. ನಮ್ಮವರೇ ಹಿಂದೆ ಬಿದ್ದರೆ ಹೇಗೆ?

‘ಜಿಎಸ್‌ಟಿ ಇಲ್ಲ, ಆನ್‌ಲೈನ್ ಮಾರಲಾಗದು’ ಎಂದು ಕೈಕಟ್ಟಿ ಕೂತ ಕುಶಲಕರ್ಮಿಗಳಿಗೆ ಈ ಸುದ್ದಿ ಮುಟ್ಟಿಸಿ. 2023ರ ಅಕ್ಟೋಬರ್ 1ರಿಂದ, ವಹಿವಾಟು ನೋಂದಣಿಯ ಮಿತಿಯೊಳಗಿದ್ದರೆ, ರಾಜ್ಯದ ಒಳಗೆ ದೊಡ್ಡ ತಾಣಗಳ ಮೂಲಕ ಜಿಎಸ್‌ಟಿ ನೋಂದಣಿಯಿಲ್ಲದೆ ಮಾರಬಹುದು. ಪ್ಯಾನ್ ಕೊಟ್ಟು ಒಂದು ದಾಖಲಾತಿ ಸಂಖ್ಯೆ ಪಡೆದರಾಯಿತು.

ಚನ್ನಪಟ್ಟಣ ಇಲ್ಲಿಂದ ಎರಡು ಗಂಟೆಯ ದಾರಿ. ನಾಲ್ಕು ಜನ ಒಂದು ಭಾನುವಾರ ಹೋಗಿ, ಒಂದೇ ಒಂದು ಅಂಗಡಿ ಆರಿಸಿಕೊಳ್ಳಿ. ಇಪ್ಪತ್ತು ಸರಕಿಗೆ ಹೆಸರು, ಅಳತೆ, ಚಿತ್ರ, ವಿವರ ಬರೆದು ಹಾಕಿ. ಪೊಟ್ಟಣದೊಳಗೆ ಇಡುವ ಕನ್ನಡದ ಚೀಟಿಯನ್ನು ನಾನು ಅಚ್ಚು ಹಾಕಿಕೊಡುತ್ತೇನೆ. ಮೊದಲ ಸಾವಿರಕ್ಕೆ ಕಾಗದದ ದುಡ್ಡೂ ಬೇಡ. ಕರಡು ತಿದ್ದಿ ಮಾತ್ರ ತನ್ನಿ, ಒತ್ತಕ್ಷರ ತಪ್ಪಿದರೆ ಯಂತ್ರ ಓಡಿಸುವುದಿಲ್ಲ.